'ಮೀಸೆ ಇರೋ ಅಮ್ಮ' ಗಿಜುಭಾಯಿ: ಒಂದು ಪುಸ್ತಕ ಓದಿ ಕರಿಕೋಟು ಬಿಚ್ಚಿಟ್ಟ ವಕೀಲ

ಟಿ.ನರಸೀಪುರ: ಟಿಇಟಿ ಅಧಿಸೂಚನೆ ಹೊರಬಿದ್ದರೆ ಸಾಕು, ಪುಸ್ತಕದಂಗಡಿಗಳಲ್ಲಿ ಗೈಡುಗಳ ರಾಶಿ ಬಾಗಿಲ ಹತ್ತಿರಕ್ಕೇ ಬಂದುಬಿಡುತ್ತೆ. 150 ಅಂಕದಲ್ಲಿ 30 ಅಂಕ ಶಿಶು ವಿಕಸನ ಮತ್ತು ಬೋಧನಾಶಾಸ್ತ್ರದ್ದು. ಡಿ.ಇಡಿ., ಬಿ.ಇಡಿ. ಮಾಡೋರಿಗೆ ಬೋಧನಾ ವಿಧಾನ ಅಂತಲೇ ಬೇರೆ ದಪ್ಪ ಪುಸ್ತಕ. ಯಾವುದು ತಗೊಳ್ಳೋದು ಅಂತ ಹುಡುಗರು ಕೇಳ್ತಾರೆ. ಯಾವುದು ಜಾಸ್ತಿ ಹೋಗ್ತಿದೆಯೋ ಅದನ್ನೇ ಅಂಗಡಿಯವರು ತೆಗೆದು ಕೊಡ್ತಾರೆ. ಅದರಲ್ಲಿ ತಪ್ಪೇನಿಲ್ಲ, ವ್ಯಾಪಾರ ಅಂದ್ರೆ ಅದೇ. ಆದರೆ ಪರೀಕ್ಷೆ ಪಾಸು ಮಾಡಿಸೋ ಪುಸ್ತಕವೇ ಬೇರೆ, ನಲವತ್ತು ಮಕ್ಕಳ ಮುಂದೆ ನಿಂತಾಗ ಕೈ ಹಿಡಿಯೋ ಪುಸ್ತಕವೇ ಬೇರೆ.

ಆ ಎರಡನೇ ಥರದ ಪುಸ್ತಕ ಕೈಗೆ ಸಿಕ್ಕಿ ಬದುಕೇ ಬದಲಾಯಿಸಿಕೊಂಡ, ಆಮೇಲೆ ಅಂಥದ್ದೊಂದನ್ನ ತಾವೇ ಬರೆದ ಒಬ್ಬರ ಕತೆ ಇದು. ನವೆಂಬರ್ 14 ಮಕ್ಕಳ ದಿನಾಚರಣೆ ಅಂತ ಎಲ್ಲರಿಗೂ ಗೊತ್ತು. ಮಾರನೇ ದಿನ, 15ಕ್ಕೆ, ಇವರ ಜನ್ಮದಿನ. ನಮ್ಮ ಕಡೆ ಯಾರೂ ಅಷ್ಟಾಗಿ ನೆನೆಯಲ್ಲ. ಗುಜರಾತಿನಲ್ಲಿ ಮಾತ್ರ ಗಿಜುಭಾಯಿ ಅಂದ್ರೆ ಮನೆಮಾತು.

ಪೂರ್ತಿ ಹೆಸರು ಗಿರಿಜಾಶಂಕರ ಭಗವಾನಜಿ ಬಧೇಕಾ. ಹುಟ್ಟಿದ್ದು 1885ರಲ್ಲಿ, ಸೌರಾಷ್ಟ್ರದ ಚಿತ್ತಲ್ ಅನ್ನೋ ಊರಲ್ಲಿ. ಆ ಕಾಲದ ಶಾಲೆ ಹೇಗಿರುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ, ಬಾಯಿಪಾಠ ಮತ್ತು ಕೋಲು. ಭಾವನಗರದ ಸಾಮಳದಾಸ್ ಕಾಲೇಜಿಗೆ ಸೇರಿದರು. ಗಾಂಧೀಜಿ ಒಂದೇ ಟರ್ಮು ಓದಿ ಬಿಟ್ಟು ಬಂದರಲ್ಲ, ಅದೇ ಕಾಲೇಜು. ಗಿಜುಭಾಯಿಯವರಿಗೂ ಓದಿಗಿಂತ ದುಡಿಮೆ ಅವಸರದ್ದಾಯ್ತು. 1907ರಲ್ಲಿ ಹಡಗು ಹತ್ತಿ ಪೂರ್ವ ಆಫ್ರಿಕಾಕ್ಕೆ ಹೋದರು. ಆಗ ಗುಜರಾತಿನ ಎಷ್ಟೋ ಜನ ವ್ಯಾಪಾರ, ಗುಮಾಸ್ತಿಕೆ ಅಂತ ಹೋಗುತ್ತಿದ್ದ ಕಡೆ ಅದು. ಎರಡು ವರ್ಷ ಇದ್ದು 1909ರಲ್ಲಿ ವಾಪಸ್ ಬಂದು, ಬೊಂಬಾಯಿಯಲ್ಲಿ ಕಾನೂನು ಓದಿ, ವಢವಾಣದಲ್ಲಿ ವಕೀಲಿ ಶುರು ಮಾಡಿದರು. ಕಕ್ಷಿದಾರರು ಬರುತ್ತಿದ್ದರು, ಹೆಸರೂ ಆಗುತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಇವತ್ತು ನಾವು ಇವರ ಬಗ್ಗೆ ಬರೆಯುತ್ತಿರಲಿಲ್ಲ.

1913ರಲ್ಲಿ ಮಗ ಹುಟ್ಟಿದ, ನರೇಂದ್ರ ಅಂತ ಹೆಸರಿಟ್ಟರು. ತಾವು ಅನುಭವಿಸಿದ ಶಾಲೆಗೇ ಮಗನನ್ನೂ ತಳ್ಳಬೇಕಾ ಅನ್ನೋ ಚಿಂತೆ ಹತ್ತಿತು. ಸುಮಾರು ಅಪ್ಪಂದಿರಿಗೆ ಈ ಚಿಂತೆ ಬರುತ್ತೆ, ಫೀಸು ಕಟ್ಟಿದ ಮೇಲೆ ಹೋಗುತ್ತೆ. ಇವರಿಗೆ ಹೋಗಲಿಲ್ಲ. ಖೇಡಾ ಜಿಲ್ಲೆಯ ವಸೋ ಗ್ರಾಮದಲ್ಲಿ ಮೋತಿಭಾಯಿ ಅಮೀನ್ ಅಂತ ಒಬ್ಬರಿದ್ದರು. ಗುಜರಾತಿನ ಊರೂರಿಗೆ ಗ್ರಂಥಾಲಯ ಮಾಡಿಸಿದ ಮನುಷ್ಯ. ಅವರ ಮೂಲಕ ಗಿಜುಭಾಯಿಯವರಿಗೆ ಮಾಂಟೆಸ್ಸರಿ ಪದ್ಧತಿಯ ಪುಸ್ತಕದ ಪರಿಚಯ ಆಯ್ತು.

ಮಾರಿಯಾ ಮಾಂಟೆಸ್ಸರಿ ಇಟಲಿಯ ಡಾಕ್ಟರು. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ಪುಟ್ಟ ಮಕ್ಕಳ ಮನೆ ತೆರೆದು, ಅಲ್ಲಿ ಕಂಡಿದ್ದನ್ನ 1909ರಲ್ಲಿ ಪುಸ್ತಕ ಮಾಡಿದರು. 1912ರಲ್ಲಿ ಅದು ಇಂಗ್ಲಿಷಿಗೆ ಬಂತು. ಈ ಪುಸ್ತಕ ಬೇರೆಯವುಗಳ ಥರ ಮೇಷ್ಟ್ರು ಏನು ಮಾಡಬೇಕು ಅನ್ನೋದರಿಂದ ಶುರುವಾಗಲ್ಲ. ಮಗುವನ್ನ ಸುಮ್ಮನೆ ಕೂತು ನೋಡಿದರೆ ಏನು ಕಾಣುತ್ತೆ ಅನ್ನೋದೇ ಅದರ ಜೀವ. ಯಾವ ವಯಸ್ಸಿನ ಮಗು ಯಾವ ವಸ್ತು ಎತ್ತಿಕೊಳ್ಳುತ್ತೆ, ಎಷ್ಟು ಹೊತ್ತು ಅದರಲ್ಲೇ ಮುಳುಗಿರುತ್ತೆ, ತಪ್ಪಾದರೆ ತಾನೇ ಹೇಗೆ ತಿದ್ದಿಕೊಳ್ಳುತ್ತೆ, ಎಲ್ಲಾ ಕಣ್ಣಾರೆ ಕಂಡದ್ದು. ಕೋರ್ಟಲ್ಲಿ ಸಾಕ್ಷಿ ವಿಚಾರಣೆ ಮಾಡಿ ಅಭ್ಯಾಸ ಇದ್ದ ವಕೀಲರಿಗೆ ಇಂಥ ಬರಹ ಹಿಡಿಸಿದ್ದರಲ್ಲಿ ಆಶ್ಚರ್ಯ ಇಲ್ಲ ಅನ್ನೋದು ನನ್ನ ಅನಿಸಿಕೆ.

ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ದಕ್ಷಿಣಾಮೂರ್ತಿ ಅನ್ನೋ ವಿದ್ಯಾರ್ಥಿ ನಿಲಯ ಶುರು ಮಾಡಿದ್ದರು. 1916ರಲ್ಲಿ ಗಿಜುಭಾಯಿ ವಕೀಲಿ ಬಿಟ್ಟು ಅಲ್ಲಿಗೆ ಸೇರಿಕೊಂಡರು. ನಡೆಯುತ್ತಿರೋ ಪ್ರಾಕ್ಟೀಸು ಬಿಡೋದು ಅಂದ್ರೆ ತಮಾಷೆಯಲ್ಲ. ನಮ್ಮೂರಲ್ಲಿ ಚೆನ್ನಾಗಿ ವ್ಯಾಪಾರ ಆಗ್ತಿರೋ ಅಂಗಡಿಗೆ ಬೀಗ ಹಾಕಿ ನಾಳೆಯಿಂದ ಶಿಶುವಿಹಾರ ನಡೆಸ್ತೀನಿ ಅಂತ ಯಾರಾದರೂ ಹೊರಟರೆ ಮನೆಯವರು ಏನಂತಾರೆ ಯೋಚಿಸಿ. ಮೇಲಾಗಿ ಇವರ ಹತ್ತಿರ ಮೇಷ್ಟ್ರ ಟ್ರೈನಿಂಗ್ ಸರ್ಟಿಫಿಕೇಟ್ ಕೂಡ ಇರಲಿಲ್ಲ.

ಮೊದಲು ದೊಡ್ಡ ಹುಡುಗರ ಶಾಲೆ ನೋಡಿಕೊಂಡರು. ಅಲ್ಲಿ ಅವರಿಗೆ ಖಚಿತ ಆಗಿದ್ದು ಒಂದೇ, ಹೈಸ್ಕೂಲಿಗೆ ಬರೋ ಹೊತ್ತಿಗೆ ತಡ ಆಗಿರುತ್ತೆ. ಬುನಾದಿಯನ್ನ ಎರಡೂವರೆ ಮೂರು ವರ್ಷಕ್ಕೇ ಹಾಕಬೇಕು. 1920ರಲ್ಲಿ ಬಾಲಮಂದಿರ ತೆರೆದರು. ಮುಂದೆ ಭಾವನಗರದ ಗುಡ್ಡದ ಮೇಲೆ ಅದಕ್ಕೆ ಸ್ವಂತ ಕಟ್ಟಡವೂ ಆಯ್ತು. ದೊಡ್ಡ ಮೀಸೆಯ ಗಂಡಸೊಬ್ಬ ಮಕ್ಕಳ ನಡುವೆ ಕೂತು ಕತೆ ಹೇಳೋದು, ಹಾಡೋದು, ಕುಣಿಯೋದು ಆಗ ಜನಕ್ಕೆ ಹೊಸದು. ಅದಕ್ಕೇ ಅವರಿಗೆ 'ಮೂಛಾಳಿ ಮಾ' ಅನ್ನೋ ಹೆಸರು ಬಂತು. ಅಂದ್ರೆ ಮೀಸೆ ಇರೋ ಅಮ್ಮ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮಾಂಟೆಸ್ಸರಿ ಪುಸ್ತಕವನ್ನ ಅವರು ಕಣ್ಣಿಗೊತ್ತಿಕೊಂಡರು ನಿಜ, ಆದರೆ ಇಡಿಯಾಗಿ ನುಂಗಲಿಲ್ಲ. ಸಣ್ಣ ಮಕ್ಕಳಿಗೆ ರಾಜ ರಾಣಿ, ದೆವ್ವ, ಮಾತಾಡೋ ಪ್ರಾಣಿಗಳ ಕತೆ ಬೇಡ, ಮೊದಲು ನಿಜವಾದ ಜಗತ್ತು ಕಾಣಲಿ ಅನ್ನೋದು ಮಾಂಟೆಸ್ಸರಿಯವರ ನಿಲುವು. ಗಿಜುಭಾಯಿ ಈ ಮಾತನ್ನ ಪಕ್ಕಕ್ಕಿಟ್ಟರು. ಸೌರಾಷ್ಟ್ರದ ಅಜ್ಜಿಕತೆಗಳನ್ನೇ ಪಾಠದ ನಡುಮನೆಗೆ ತಂದರು. ಕತೆ ಹೇಳೋದು ಹೇಗೆ, ಯಾವ ವಯಸ್ಸಿಗೆ ಯಾವ ಕತೆ ಅಂತ 'ವಾರ್ತಾನುಂ ಶಾಸ್ತ್ರ' ಅನ್ನೋ ಪುಸ್ತಕವನ್ನೇ ಬರೆದರು. ಹಾಡು, ನಾಟಕ, ಮಣ್ಣಿನ ಕೆಲಸ, ತೋಟ ಎಲ್ಲಾ ಸೇರಿಸಿದರು. ಪರಊರಿನ ಬಿತ್ತನೆ ಬೀಜ ತಂದವನು ತನ್ನ ಹೊಲದ ಮಣ್ಣು ನೋಡಿ ಗೊಬ್ಬರ ಹಾಕೋ ಹಾಗೆ. ಬೋಧನಾ ಪುಸ್ತಕ ಒಂದನ್ನ ಹೇಗೆ ಓದಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಆಮೇಲೆ ಮೇಷ್ಟ್ರುಗಳನ್ನ ತಯಾರು ಮಾಡೋ ಕೆಲಸ. ಅಧ್ಯಾಪನ ಮಂದಿರ ಶುರುವಾಯ್ತು. 1926ರ ಹೊತ್ತಿಗೆ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿತು, ಶಿಕ್ಷಣದ ಪತ್ರಿಕೆಯೂ ಬಂತು. ಮಕ್ಕಳಿಗೆ, ಪೋಷಕರಿಗೆ, ಮೇಷ್ಟ್ರಿಗೆ ಅಂತ ಬೇರೆ ಬೇರೆಯಾಗಿ ಬರೆದು ಗುಡ್ಡೆ ಹಾಕಿದರು. ಚಿಕ್ಕದು ದೊಡ್ಡದು ಎಲ್ಲಾ ಲೆಕ್ಕ ಹಾಕಿದರೆ ಇನ್ನೂರರ ಸುತ್ತಮುತ್ತ ಆಗುತ್ತೆ ಅಂತಾರೆ. ಅಪ್ಪ ಅಮ್ಮ ಆಗೋದು ಎಷ್ಟು ಕಷ್ಟ ಅನ್ನೋ ಅರ್ಥದ ಹೆಸರಿಟ್ಟೇ ಒಂದು ಪುಸ್ತಕ ಇದೆ. ಉಪ್ಪಿನ ಸತ್ಯಾಗ್ರಹದ ದಿನಗಳಲ್ಲಿ ಶಿಬಿರದ ಮಕ್ಕಳ ಜೊತೆ ಇದ್ದು ವಾನರಸೇನೆ ಕಟ್ಟಿದ್ದೂ ಉಂಟು.

ಎಲ್ಲಕ್ಕಿಂತ ಹೆಚ್ಚು ಓಡಿದ್ದು, ಈಗಲೂ ಓಡ್ತಾ ಇರೋದು, 1930ರ ದಶಕದ ಮೊದಲಲ್ಲಿ ಬಂದ 'ದಿವಾಸ್ವಪ್ನ'. ಹಗಲುಗನಸು ಅಂತ ಅರ್ಥ. ಇದು ಬೋಧನಾ ವಿಧಾನದ ಪುಸ್ತಕವೇ, ಆದರೆ ವ್ಯಾಖ್ಯೆ, ಗುಣಗಳು, ದೋಷಗಳು ಅನ್ನೋ ಥರದ್ದಲ್ಲ. ಕತೆ. ಪುಸ್ತಕ ಓದಿ ತಲೆ ತುಂಬಿಸಿಕೊಂಡ ಒಬ್ಬ ಮೇಷ್ಟ್ರು ಶಿಕ್ಷಣಾಧಿಕಾರಿ ಹತ್ತಿರ ಹೋಗಿ, ಒಂದು ವರ್ಷ ನಾಲ್ಕನೇ ಕ್ಲಾಸು ನನಗೆ ಕೊಡಿ ಅಂತ ಕೇಳಿಕೊಳ್ತಾರೆ. ಅಧಿಕಾರಿ ಒಪ್ಪುತ್ತಾರೆ, ವರ್ಷದ ಕೊನೆಗೆ ಪರೀಕ್ಷೆ ಮಾತ್ರ ಎಲ್ಲರಂತೆ ಆಗಲೇಬೇಕು.

ಮೊದಲ ದಿನವೇ ಮೇಷ್ಟ್ರು ಸೋಲ್ತಾರೆ. ಪುಸ್ತಕದಲ್ಲಿ ಓದಿದ ಮೌನದ ಆಟ ಆಡಿಸೋಕೆ ಹೋದರೆ ಹುಡುಗರು ಕಿರುಚಿ, ಅಣಕಿಸಿ ಕ್ಲಾಸನ್ನ ಸಂತೆ ಮಾಡಿಬಿಡ್ತಾರೆ. ಪಕ್ಕದ ಕ್ಲಾಸಿನ ಮೇಷ್ಟ್ರುಗಳಿಗೆ ನಗು. ಮನೆಗೆ ಹೋಗಿ ಟಿಪ್ಪಣಿ ಎಲ್ಲಾ ಬದಿಗಿಟ್ಟು ಮಾರನೇ ದಿನ ಕತೆ ಹೇಳೋಕೆ ಕೂರ್ತಾರೆ. ಆಗ ಹುಡುಗರು ಅಲ್ಲಾಡಲ್ಲ. ಬೋಧನಾ ವಿಧಾನದ ಪುಸ್ತಕ ಬರೆಯೋರು ತಮ್ಮ ವಿಧಾನ ಮೊದಲ ದಿನವೇ ಮಗುಚಿ ಬೀಳೋದನ್ನ ತೋರಿಸೋದು ಬಲು ಅಪರೂಪ. ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರಿಗೆ, ಮೇಡಂಗೆ ಬೇಕಾಗಿರೋದು ಅದೇ. ಗೈಡಿನಲ್ಲಿ ಮಗು ಯಾವಾಗಲೂ ಹೇಳಿದ ಮಾತು ಕೇಳುತ್ತೆ. ನಿಜವಾದ ಮಗು ಪೆನ್ಸಿಲ್ ಕಿತ್ಕೊಂಡ ಅಂತ ಅಳ್ತಾ ಬರುತ್ತೆ.

ಪುಸ್ತಕದಂಗಡಿಯವರು ಓದಲೇಬೇಕಾದ ಭಾಗ ಒಂದಿದೆ. ವರ್ಷದ ಆರಂಭದಲ್ಲಿ ಎಲ್ಲಾ ಹುಡುಗರೂ ಅದದೇ ಪಠ್ಯಪುಸ್ತಕ ಕೊಳ್ಳಬೇಕಲ್ಲ, ಆ ಮೇಷ್ಟ್ರು ಅದನ್ನ ಬೇಡ ಅಂತಾರೆ. ಆ ದುಡ್ಡನ್ನೆಲ್ಲಾ ಒಟ್ಟು ಮಾಡಿ ಬೇರೆ ಬೇರೆ ಕತೆ ಪುಸ್ತಕ ತಂದು ಕ್ಲಾಸಿನಲ್ಲೇ ಲೈಬ್ರರಿ ಮಾಡ್ತಾರೆ. ಲೆಕ್ಕ ಸುಲಭ. ನಲವತ್ತು ಜನ ಒಂದೇ ಪುಸ್ತಕ ಕೊಂಡರೆ ಪ್ರತಿ ಹುಡುಗನಿಗೂ ಓದೋಕೆ ಸಿಗೋದು ಒಂದು, ನಲವತ್ತು ಬೇರೆ ಪುಸ್ತಕ ಕೊಂಡರೆ ನಲವತ್ತು. ಪೋಷಕರು ಗೊಣಗಿದರು, ಮೇಷ್ಟ್ರು ಬಗ್ಗಲಿಲ್ಲ. ಅಂಗಡಿಯವರಿಗೂ ಇದರಲ್ಲಿ ನಷ್ಟ ಇಲ್ಲ, ಮಾರಾಟ ಆಗೋದು ಅಷ್ಟೇ ಪುಸ್ತಕ, ಆದರೆ ಬಗೆಬಗೆ ಸರಕು ಇಟ್ಟುಕೊಳ್ಳಬೇಕು ಅಷ್ಟೇ.

ಉಗುರು ಕತ್ತರಿಸೋದು, ಹೊರಗೆ ಸುತ್ತಾಡಿಸೋದು, ಆಟದಲ್ಲೇ ವ್ಯಾಕರಣ, ಕತೆಯಾಗಿ ಇತಿಹಾಸ, ನಾಟಕ, ಹೀಗೆ ಕತೆ ಮುಂದೆ ಸಾಗುತ್ತೆ. ಕೊನೆಗೆ ಅಧಿಕಾರಿಗೂ ಮೆಚ್ಚುಗೆ ಆಗುತ್ತೆ.

ನಿಜ ಹೇಳಬೇಕು ಅಂದ್ರೆ ಪುಸ್ತಕದಲ್ಲಿ ನನಗೆ ಒಪ್ಪಿಗೆ ಆಗದ್ದೂ ಇದೆ. ಒಂದೇ ವರ್ಷದಲ್ಲಿ ಎಲ್ಲಾ ಸರಿ ಹೋಗಿಬಿಡುತ್ತೆ. ಬೆನ್ನಿಗೆ ನಿಲ್ಲೋ ಅಧಿಕಾರಿ ಸಿಕ್ಕಿಬಿಡ್ತಾರೆ. ಎರಡು ಮೂರು ತರಗತಿ ಒಟ್ಟಿಗೆ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ನಡುವೆ ಗಣತಿ ಕೆಲಸಕ್ಕೂ ಹೋಗಿ ಬರೋ ನಮ್ಮ ಹಳ್ಳಿ ಶಾಲೆಯ ಮೇಷ್ಟ್ರಿಗೆ ಅಷ್ಟು ಬಿಡುವು ಎಲ್ಲಿದೆ? ಹೆಸರೇ ಹಗಲುಗನಸು ಅಂತ ಇಟ್ಟಿದ್ದಾರಲ್ಲ, ಅವರಿಗೂ ಇದು ಗೊತ್ತಿತ್ತು ಅನ್ಸುತ್ತೆ. ಆದರೂ ಮೊದಲ ದಿನದ ಸೋಲು ಮತ್ತು ಲೈಬ್ರರಿ ಲೆಕ್ಕ ಇವೆರಡಕ್ಕೋಸ್ಕರವಾದರೂ ಇದನ್ನ ಓದಬಹುದು. ನ್ಯಾಷನಲ್ ಬುಕ್ ಟ್ರಸ್ಟ್ ಇದನ್ನ ಗುಜರಾತಿಯಿಂದ ಹಿಂದಿ, ಇಂಗ್ಲಿಷ್ ಸೇರಿ ಹಲವು ಭಾಷೆಗೆ ತಂದಿದೆ. ತೆಳ್ಳನೆಯ ಪುಸ್ತಕ, ಎರಡು ಸಂಜೆಗೆ ಮುಗಿಯುತ್ತೆ. ಟಿಇಟಿಗೆ ಓದೋರು ಗೈಡು ಬಿಡೋದೇನೂ ಬೇಡ, ಅದರ ಪಕ್ಕಕ್ಕೆ ಇದನ್ನೂ ಇಟ್ಟುಕೊಳ್ಳಲಿ. ಬೋಧನಾ ವಿಧಾನದ ಯಾವುದೇ ಪುಸ್ತಕ ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ನಾಲ್ಕು ಪುಟ ತಿರುವಿ, ಅದರಲ್ಲಿ ಒಂದಾದರೂ ಮಗು ಓಡಾಡ್ತಿದೆಯಾ ಅಂತ ನೋಡಿ. ಬರೀ ಪಂಡಿತರ ಹೆಸರು, ಇಸವಿ, ನಂಬರ್ ಹಾಕಿದ ಗುಣಲಕ್ಷಣಗಳೇ ಇದ್ದರೆ ಅದು ಪರೀಕ್ಷೆ ಹಾಲ್‌ನವರೆಗೆ ಬರುತ್ತೆ, ಕ್ಲಾಸ್‌ರೂಮಿನವರೆಗೆ ಬರಲ್ಲ.

1936ರಲ್ಲಿ ಗಿಜುಭಾಯಿ ದಕ್ಷಿಣಾಮೂರ್ತಿ ಬಿಟ್ಟರು. ಇಪ್ಪತ್ತು ವರ್ಷ ಬೆವರು ಸುರಿಸಿದ ಜಾಗ. ಆಮೇಲೂ ಸುಮ್ಮನೆ ಕೂರಲಿಲ್ಲ, ರಾಜಕೋಟೆಯಲ್ಲಿ ಮತ್ತೊಂದು ಅಧ್ಯಾಪನ ಮಂದಿರಕ್ಕೆ ಕೈ ಹಾಕಿದರು. ಆದರೆ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. 1939ರ ಜೂನ್ 23ರಂದು ಬೊಂಬಾಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಅದೇ ವರ್ಷದ ಕೊನೆಯಲ್ಲಿ ಮಾರಿಯಾ ಮಾಂಟೆಸ್ಸರಿ ಖುದ್ದಾಗಿ ಭಾರತಕ್ಕೆ ಬಂದಿಳಿದು ಮದ್ರಾಸಿನಲ್ಲಿ ಮೇಷ್ಟ್ರುಗಳಿಗೆ ತರಬೇತಿ ಶುರು ಮಾಡಿದರು. ಕೆಲವೇ ತಿಂಗಳ ಅಂತರ.

ಗಿಜುಭಾಯಿ ಜೊತೆ ಕೆಲಸ ಮಾಡಿದವರಲ್ಲಿ ತಾರಾಬಾಯಿ ಮೋಡಕ್ ಮುಖ್ಯರು. ರಾಜಕೋಟೆಯಲ್ಲಿ ಹೆಣ್ಣುಮಕ್ಕಳ ಟ್ರೈನಿಂಗ್ ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದ ಹೆಂಗಸು, ಆ ಕುರ್ಚಿ ಬಿಟ್ಟು ಭಾವನಗರಕ್ಕೆ ಬಂದಿದ್ದರು. ಮುಂದೆ 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಹಳ್ಳಿ ಮಕ್ಕಳಿಗಾಗಿ ಕೇಂದ್ರ ತೆರೆದರು. ಅಲ್ಲಿಂದ 1957ರಲ್ಲಿ ಅನುತಾಯಿ ವಾಘ್ ಜೊತೆ ಕೋಸಬಾಡ್ ಬೆಟ್ಟಕ್ಕೆ, ವಾರಲಿ ಆದಿವಾಸಿಗಳ ನಡುವೆ ಹೋದರು. ಕೂಲಿಗೆ ಹೋಗೋ ಮನೆಯ ಮಕ್ಕಳು ಶಾಲೆಗೆ ಬರ್ತಿರಲಿಲ್ಲ. ಮಕ್ಕಳು ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಅಂತ ಹೊರಟರು. ಸಾಮಾನು ತರೋಕೆ ದುಡ್ಡಿರಲಿಲ್ಲ, ಕಲ್ಲು, ಎಲೆ, ಬೀಜ, ಕಪ್ಪೆಚಿಪ್ಪೇ ಪಾಠದ ಸಾಮಗ್ರಿ. ಅಂಗಳದಲ್ಲೇ ನಡೆಯೋದರಿಂದ ಅದಕ್ಕೆ ಅಂಗನವಾಡಿ ಅಂತ ಹೆಸರಾಯ್ತು.

ಕೇಂದ್ರ ಸರ್ಕಾರ ಐಸಿಡಿಎಸ್ ಯೋಜನೆಗೆ ಅದೇ ಹೆಸರನ್ನ ತಗೊಂಡಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಯೋಜನೆ ಶುರುವಾಯ್ತು. ಕರ್ನಾಟಕದಲ್ಲಿ ಆಗ ಆರಿಸಿಕೊಂಡಿದ್ದು ನಮ್ಮ ಟಿ.ನರಸೀಪುರ ತಾಲ್ಲೂಕನ್ನ. 100 ಅಂಗನವಾಡಿಗಳು ಇಲ್ಲೇ ಮೊದಲು ಬಾಗಿಲು ತೆರೆದವು.