ಬಳೆಗಾರರ ಮನೆಯಿಂದ ಕವಿಚಕ್ರವರ್ತಿ ಪದವಿಗೆ: ಮುಧೋಳದ ರನ್ನ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ತೀರದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆ ಇಂದು ಕಬ್ಬಿಗೆ, ಸಕ್ಕರೆ ಕಾರ್ಖಾನೆಗಳಿಗೆ ಹಾಗೂ ನೇಕಾರಿಕೆಗೆ ಹೆಸರಾಗಿದೆ. ಸಾವಿರ ವರ್ಷಗಳ ಹಿಂದೆ ಇದೇ ನೆಲದ ಬಳೆಗಾರರ ಮನೆಯ ಹುಡುಗನೊಬ್ಬ ಓದಿನ ಹಂಬಲದಿಂದ ಊರು ಬಿಟ್ಟು ಹೊರಟ. ಮುಂದೆ ಪಂಪ, ಪೊನ್ನರೊಡನೆ ಕನ್ನಡದ ರತ್ನತ್ರಯರಲ್ಲಿ ಒಬ್ಬನೆನಿಸಿದ ರನ್ನನೇ ಆ ಹುಡುಗ.

ರನ್ನ ಜನಿಸಿದ್ದು ಕ್ರಿ.ಶ. 949ರಲ್ಲಿ, ಸೌಮ್ಯ ಸಂವತ್ಸರದಂದು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬೆಳುಗಲಿ-500ಕ್ಕೆ ಸೇರಿದ ಜಂಬುಖಂಡಿ-70ರ ಮುದುವೊಳಲು ಅವನ ಊರು. ಆ ಜಂಬುಖಂಡಿಯೇ ಇಂದಿನ ಜಮಖಂಡಿ, ಮುದುವೊಳಲೇ ಮುಧೋಳ. ಬಳೆ ಮಾರಾಟ ಕುಲಕಸುಬಾಗಿದ್ದ ಮನೆಯ ಮಗ ಬಳೆಯ ಮಲಾರವನ್ನು ಹೆಗಲಿಗೇರಿಸುವುದು ಅಂದಿನ ಲೋಕರೂಢಿ. ಶಾಸ್ತ್ರ, ವ್ಯಾಕರಣ, ಕಾವ್ಯಗಳ ಅಭ್ಯಾಸವು ಅಗ್ರಹಾರ, ಮಠ, ಬಸದಿಗಳಲ್ಲಿ ನಡೆಯುತ್ತಿತ್ತು. ಕಸುಬುದಾರರ ಮಕ್ಕಳಿಗೆ ಆ ಬಾಗಿಲು ತೆರೆಯುವುದು ವಿರಳವಾಗಿತ್ತು.

ಆದರೆ ಜೈನ ಧರ್ಮವು ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರದಾನವನ್ನೂ ಶ್ರಾವಕರ ಕರ್ತವ್ಯವೆಂದು ಸಾರಿತ್ತು. ಅನ್ನ ಕೊಡುವುದು ಎಷ್ಟು ಪುಣ್ಯವೋ ಅರಿವು ಕೊಡುವುದೂ ಅಷ್ಟೇ ಪುಣ್ಯವೆಂಬ ಈ ನಂಬಿಕೆಯೇ ರನ್ನನ ಪಾಲಿಗೆ ದಾರಿಯಾಯಿತು. ನೂರಾರು ಮೈಲಿ ದೂರದ ಗಂಗರ ನಾಡಿಗೆ ತೆರಳಿದ ಅವನಿಗೆ ಅಜಿತಸೇನಾಚಾರ್ಯರು ಗುರುಗಳಾಗಿ ದೊರೆತರು. ಗಂಗರ ಮಂತ್ರಿ ಹಾಗೂ ದಂಡನಾಯಕ ಚಾವುಂಡರಾಯ ಆಶ್ರಯ ನೀಡಿದ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಮೂರ್ತಿಯನ್ನು ಕಡೆಯಿಸಿದ, 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣ ರಚಿಸಿದ ಚಾವುಂಡರಾಯನೇ ಈತ. ಊರಿನಲ್ಲಿ ಸಿಗದ ವಿದ್ಯೆ ಪರನಾಡಿನಲ್ಲಿ ಕೈಗೂಡಿತು.

ವಿದ್ಯೆ ಮುಗಿಸಿದ ರನ್ನ ಚಾಲುಕ್ಯರ ನಾಡಿಗೆ ಮರಳಿದ. ಅಲ್ಲಿ ರಾಷ್ಟ್ರಕೂಟರ ಆಳ್ವಿಕೆ 973ರಲ್ಲಿ ಕೊನೆಗೊಂಡು, ಇಮ್ಮಡಿ ತೈಲಪನ ಪ್ರಭುತ್ವ ನೆಲೆಗೊಂಡಿತ್ತು. ಮೊದಲು ಸಾಮಂತರ, ಅನಂತರ ಮಂಡಲೇಶ್ವರರ, ಕೊನೆಗೆ ಚಕ್ರವರ್ತಿಯ ಮನ್ನಣೆ ಅವನಿಗೆ ಲಭಿಸಿತು. ತೈಲಪ ನೀಡಿದ ಬಿರುದು ಕವಿಚಕ್ರವರ್ತಿ.

ರನ್ನನ ಬಾಳಿಗೆ ಆಸರೆಯಾದ ಇನ್ನೊಬ್ಬ ವ್ಯಕ್ತಿ ದಾನಚಿಂತಾಮಣಿ ಅತ್ತಿಮಬ್ಬೆ. ಪತಿ ನಾಗದೇವನನ್ನು ಕಳೆದುಕೊಂಡ ಈಕೆ ತನ್ನ ಸಂಪತ್ತನ್ನು ಧರ್ಮಕ್ಕೆ, ವಿದ್ಯೆಗೆ ಮೀಸಲಿಟ್ಟಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳು. ಪ್ರತಿಯೊಂದು ಪ್ರತಿಯನ್ನೂ ಕೈಯಿಂದಲೇ ಬರೆಯಬೇಕಿದ್ದ ಕಾಲದಲ್ಲಿ ಅದೊಂದು ಮಹಾಕಾರ್ಯ. ಆಕೆಯ ಆಶ್ರಯದಲ್ಲಿಯೇ ರನ್ನ 993ರಲ್ಲಿ ಅಜಿತಪುರಾಣವನ್ನು ಪೂರೈಸಿದ. ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಬರೆದ ಸಾಹಸಭೀಮವಿಜಯ, ಅಂದರೆ ಗದಾಯುದ್ಧ, ಅವನ ಕೀರ್ತಿಯನ್ನು ಶಾಶ್ವತಗೊಳಿಸಿತು. ಭೀಮನನ್ನು ನಾಯಕನಾಗಿಸಿಯೂ ದುರ್ಯೋಧನನ ದುಃಖಕ್ಕೆ ಓದುಗರು ಮರುಗುವಂತೆ ಮಾಡಿದ್ದು ಆ ಕಾವ್ಯದ ಹಿರಿಮೆ. ಪರಶುರಾಮಚರಿತ, ಚಕ್ರೇಶ್ವರಚರಿತಗಳು ಮಾತ್ರ ಇಂದಿಗೂ ದೊರೆತಿಲ್ಲ.

ಕೀರ್ತಿ ಬಂದ ಮೇಲೂ ರನ್ನ ತನ್ನ ಮೂಲವನ್ನು ಮುಚ್ಚಿಡಲಿಲ್ಲ. ಬಳೆಗಾರ ಕುಲದವನೆಂಬುದನ್ನು ತಾನೇ ಕಾವ್ಯದಲ್ಲಿ ದಾಖಲಿಸಿದ. ನೆರವಾದವರನ್ನೂ ಮರೆಯಲಿಲ್ಲ. ಮಗನಿಗೆ ರಾಯನೆಂದು, ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟು ಇಬ್ಬರು ಆಶ್ರಯದಾತರ ಋಣವನ್ನು ಮನೆಯಲ್ಲಿಯೇ ಉಳಿಸಿಕೊಂಡ.

ರನ್ನನ ಪ್ರತಿಭೆ ಅವನದೇ. ಆದರೆ ಕಲಿಸಲು ಒಪ್ಪಿದ ಗುರು, ಆಶ್ರಯವಿತ್ತ ಮಂತ್ರಿ, ಕಾವ್ಯ ಬರೆಯಿಸಿದ ಮಹಿಳೆ, ಈ ಮೂವರು ಇಲ್ಲದಿದ್ದರೆ ಆ ಪ್ರತಿಭೆ ಮುದುವೊಳಲಿನ ಸಂತೆಯಲ್ಲಿಯೇ ಉಳಿದುಬಿಡುತ್ತಿತ್ತೇನೋ. ಮಗ್ಗದ ಸದ್ದಿನ ನಡುವೆ, ಕಬ್ಬು ಕಡಿಯುವವರ ಗುಡಿಸಲುಗಳಲ್ಲಿ ಪುಸ್ತಕ ಹಿಡಿದು ಕೂರುವ ಮಕ್ಕಳು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಅವರಿಗೊಂದು ವಸತಿನಿಲಯ, ಒಂದು ವಿದ್ಯಾರ್ಥಿವೇತನ, ಕೈಹಿಡಿದು ನಡೆಸುವ ಒಬ್ಬ ಗುರು ಒದಗಿದಾಗಲೆಲ್ಲ ರನ್ನನ ಕಥೆ ಮತ್ತೆ ಮೊದಲಾಗುತ್ತದೆ.