ಆರ್ಡರ್ ಕಳೆದುಕೊಂಡ ಎಂಜಿನಿಯರ್: ಇಗೋರ್ ಸಿಕೋರ್ಸ್ಕಿ

ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಶುರುವಾದರೆ ಜರ್ಸಿ ಸಿಟಿಯ ನಮ್ಮ ಮನೆಗೂ ಗೊತ್ತಾಗುತ್ತೆ. ನದಿಯ ಆಚೆ, ಮ್ಯಾನ್‌ಹ್ಯಾಟನ್ನಿನ ದಕ್ಷಿಣ ತುದಿಯಲ್ಲಿ ಹಸಿರು-ಬಿಳಿ ಹೆಲಿಕಾಪ್ಟರುಗಳು ಇಳಿಯುತ್ತವೆ. ಅಮೆರಿಕದ ಅಧ್ಯಕ್ಷರ ಸವಾರಿ. ಅಡುಗೆ ಮನೆಯಲ್ಲಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕ್ತಾ ಇದ್ದವನೂ ಸೌಟು ಹಿಡಿದುಕೊಂಡೇ ಕಿಟಕಿಗೆ ಓಡಿ ಬರ್ತಾನೆ. ನಮ್ಮಲ್ಲಿ ಇಬ್ಬರು ಮೆಕ್ಯಾನಿಕಲ್, ಒಬ್ಬ ಏರೋನಾಟಿಕಲ್. ಬೆಂಗಳೂರಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟು ಮಾಡಿದ್ದು ರೋಟರ್ ಬ್ಲೇಡಿನ ಕಂಪನದ ಮೇಲೆ. ಆಸೆ ಇರೋದು ಸಹಜ ತಾನೇ.

ಕಳೆದ ವರ್ಷದ ಕರಿಯರ್ ಫೇರ್‌ನಲ್ಲಿ ಆ ಆಸೆಗೆ ಉತ್ತರ ಸಿಕ್ಕಿತು. ಹೆಲಿಕಾಪ್ಟರಿನ ಭಾಗಗಳನ್ನು ಮಾಡುವ ಒಂದು ಕಂಪನಿಯ ಸ್ಟಾಲ್ ಮುಂದೆ ಮುಕ್ಕಾಲು ಗಂಟೆ ಕ್ಯೂ ನಿಂತೆವು. ಅಲ್ಲಿದ್ದಾಕೆ ನಮ್ಮ ರೆಸ್ಯೂಮೆಯನ್ನು ಮೆಚ್ಚಿಕೊಂಡೇ ನೋಡಿದರು. ಆಮೇಲೆ, ಇದು ರಕ್ಷಣಾ ಇಲಾಖೆಯ ಕೆಲಸ, ಅಮೆರಿಕದ ಪ್ರಜೆಗಳಿಗೆ ಅಥವಾ ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ ಅಂತ ಹೇಳಿ, ಒಂದೊಂದು ಪೆನ್ನು ಕೊಟ್ಟು ಕಳಿಸಿದರು. ಪೆನ್ನು ಚೆನ್ನಾಗಿಯೇ ಬರೀತಿದೆ.

ಆ ಸಂಜೆ ಬೇಜಾರಿನಲ್ಲಿ ಓದೋಕೆ ಶುರು ಮಾಡಿದ್ದು ಇಗೋರ್ ಸಿಕೋರ್ಸ್ಕಿಯ ಬದುಕನ್ನು. ಇಂದಿನ ಹೆಲಿಕಾಪ್ಟರಿನ ರೂಪ ಕೊಟ್ಟವನೂ ನಮ್ಮ ಹಾಗೆ ಹೊರಗಿನಿಂದ ಬಂದು, ಇದೇ ನ್ಯೂಯಾರ್ಕಿನಲ್ಲಿ ಕೆಲಸ ಇಲ್ಲದೆ ಅಲೆದವನು ಅಂತ ಆವತ್ತೇ ನಮಗೆ ಗೊತ್ತಾದದ್ದು.

ಸಿಕೋರ್ಸ್ಕಿ ಹುಟ್ಟಿದ್ದು 1889ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಕೀವ್ ನಗರದಲ್ಲಿ. ಅಪ್ಪ ಮನೋವಿಜ್ಞಾನದ ಪ್ರೊಫೆಸರ್. ಲಿಯೊನಾರ್ಡೊ ಡ ವಿಂಚಿ ಹಾರುವ ಯಂತ್ರದ ಚಿತ್ರ ಬರೆದ ಕಥೆಯನ್ನು ಅಮ್ಮ ಚಿಕ್ಕಂದಿನಲ್ಲೇ ಹೇಳಿದ್ದರು. 1909ರಲ್ಲಿ, ಇಪ್ಪತ್ತರ ವಯಸ್ಸಿಗೆ, ಪ್ಯಾರಿಸ್ಸಿನಿಂದ 25 ಹಾರ್ಸ್‌ಪವರ್‌ನ ಎಂಜಿನ್ ತಂದು ಹೆಲಿಕಾಪ್ಟರ್ ಕಟ್ಟಿದ. ಅದು ಮೇಲೇಳಲಿಲ್ಲ. ಮುಂದಿನ ವರ್ಷ ಕಟ್ಟಿದ್ದು ತನ್ನ ಭಾರವನ್ನು ಎತ್ತಿಕೊಂಡಿತೇ ಹೊರತು ಮನುಷ್ಯನನ್ನು ಎತ್ತಲಿಲ್ಲ. ಹಟ ಮಾಡದೆ ಅದನ್ನು ಪಕ್ಕಕ್ಕಿಟ್ಟು ವಿಮಾನದ ಕಡೆ ತಿರುಗಿದ. 1913ರಲ್ಲಿ ಅವನು ಮಾಡಿದ ನಾಲ್ಕು ಎಂಜಿನ್‌ಗಳ ವಿಮಾನ ನೋಡಿ ಲೋಕ ಬೆರಗಾಯಿತು. ಅದರ ಮುಂದಿನ ರೂಪವಾದ ಇಲ್ಯಾ ಮುರೊಮೆಟ್ಸ್ ಮೊದಲ ಮಹಾಯುದ್ಧದಲ್ಲಿ ಬಾಂಬರ್ ಆಯಿತು. ಎಪ್ಪತ್ತಕ್ಕೂ ಹೆಚ್ಚು ವಿಮಾನಗಳನ್ನು ಝಾರ್ ದೊರೆಯ ಸೈನ್ಯ ಕೊಂಡುಕೊಂಡಿತು.

1917ರಲ್ಲಿ ಕ್ರಾಂತಿಯಾಗಿ ಆ ಗಿರಾಕಿಯೇ ಇಲ್ಲವಾದ. ಝಾರ್‌ಗೆ ಬಾಂಬರ್ ಮಾಡಿಕೊಟ್ಟವನಿಗೆ ಹೊಸ ಸರ್ಕಾರದಲ್ಲಿ ಪ್ರಾಣಭಯ. 1918ರ ಆರಂಭದಲ್ಲಿ ಹೆಂಡತಿ, ಪುಟ್ಟ ಮಗಳು ಎಲ್ಲರನ್ನೂ ಬಿಟ್ಟು ಮರ್ಮನ್ಸ್ಕ್ ಬಂದರಿನಿಂದ ಹಡಗು ಹತ್ತಿದ. ಫ್ರಾನ್ಸ್ ರಷ್ಯಾದ ಮಿತ್ರದೇಶವಾಗಿತ್ತಲ್ಲ, ಅಲ್ಲಿ ಅವನ ಹೆಸರು ಗೊತ್ತಿತ್ತು. ಫ್ರೆಂಚ್ ಸರ್ಕಾರ ಬಾಂಬರ್ ವಿನ್ಯಾಸದ ಕೆಲಸವನ್ನೂ ಕೊಟ್ಟಿತು. ಅಷ್ಟರಲ್ಲಿ ನವೆಂಬರ್ 11ರಂದು ಯುದ್ಧವೇ ನಿಂತುಹೋಯಿತು, ಆರ್ಡರ್ ರದ್ದು. ಲೋಕವೆಲ್ಲ ಶಾಂತಿ ಬಂತು ಅಂತ ಕುಣಿಯುತ್ತಿದ್ದ ದಿನ ಅವನಿಗೆ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಲ್ಲಿಗೆ ಎರಡು ವರ್ಷದೊಳಗೆ ಎರಡು ದೇಶದ ಆರ್ಡರ್ ಹೋದ ಹಾಗಾಯಿತು, ಎರಡು ಸಲವೂ ವಿಮಾನದಲ್ಲಿ ಯಾವ ದೋಷವೂ ಇಲ್ಲದೆ.

1919ರ ಮಾರ್ಚ್ 30ರಂದು ನ್ಯೂಯಾರ್ಕಿಗೆ ಬಂದು ಇಳಿದ. ಆಗ ಅವನಿಗೆ ಇಪ್ಪತ್ತೊಂಬತ್ತು. ಅಮೆರಿಕದ ಸೈನ್ಯ ಓಹಾಯೋದ ಡೇಟನ್‌ನಲ್ಲಿ ಸ್ವಲ್ಪ ದಿನದ ಕೆಲಸ ಕೊಟ್ಟಿತು. ಯುದ್ಧ ಮುಗಿದಿತ್ತು, ಖರ್ಚು ಕಡಿತ, ಅದೂ ಮುಗಿಯಿತು. ನ್ಯೂಯಾರ್ಕಿಗೆ ವಾಪಸ್ ಬಂದು ರಷ್ಯನ್ ವಲಸಿಗರಿಗೆ ಗಣಿತ ಹೇಳಿಕೊಟ್ಟು ಹೊಟ್ಟೆ ಹೊರೆದ. ಕ್ಯಾಂಪಸ್ಸಿನಲ್ಲಿ ಗಂಟೆ ಲೆಕ್ಕದಲ್ಲಿ ಕ್ಯಾಲ್ಕುಲಸ್ ಟ್ಯೂಟರಿಂಗ್ ಮಾಡುವ ನಮ್ಮ ಏರೋನಾಟಿಕಲ್ ಗೆಳೆಯ ಈ ಪುಟವನ್ನು ಎರಡು ಸಲ ಓದಿಸಿಕೊಂಡ.

1923ರಲ್ಲಿ ಲಾಂಗ್ ಐಲೆಂಡಿನಲ್ಲಿ ಮತ್ತೊಬ್ಬ ರಷ್ಯನ್ ವಲಸಿಗನ ಕೋಳಿ ಫಾರ್ಮಿನಲ್ಲಿ ಕಂಪನಿ ಶುರುವಾಯಿತು. ಕೆಲಸಗಾರರೂ ಊರು ಬಿಟ್ಟು ಬಂದ ರಷ್ಯನ್ನರೇ. ಸಂಬಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗುಜರಿಯಿಂದ ತಂದ ಸಾಮಾನುಗಳೂ ಆ ವಿಮಾನದಲ್ಲಿದ್ದವು. ಆಗ 5000 ಡಾಲರ್ ಕೊಟ್ಟು ಕೈ ಹಿಡಿದವನು ಸಂಗೀತಗಾರ ರಾಖ್ಮನಿನೋವ್. ಕಂಪನಿಯ ಉಪಾಧ್ಯಕ್ಷನಾಗಿ ತನ್ನ ಹೆಸರು ಹಾಕಿಕೊಳ್ಳೋಕೂ ಒಪ್ಪಿದ. ನಮ್ಮೂರ ಕಡೆಯವನು ಅನ್ನೋ ಒಂದೇ ಕಾರಣಕ್ಕೆ ಮನೆ ಬಾಡಿಗೆಗೆ ಸಾಲ ಕೊಡುವವರು ನಮ್ಮ ಸಂಘದಲ್ಲೂ ಇದ್ದಾರೆ, ಅವರ ಹೆಸರು ಬರೆದರೆ ಬೈತಾರೆ.

1926ರಲ್ಲಿ ಅಟ್ಲಾಂಟಿಕ್ ದಾಟಲು ಅವನು ಕಟ್ಟಿದ ವಿಮಾನ ರೂಸ್‌ವೆಲ್ಟ್ ಫೀಲ್ಡಿನಲ್ಲಿ ಏಳುವಾಗಲೇ ಬಿದ್ದು ಹೊತ್ತಿ ಉರಿದು ಇಬ್ಬರು ಸತ್ತರು. ಆ ಜಾಗದಲ್ಲಿ ಈಗ ದೊಡ್ಡ ಶಾಪಿಂಗ್ ಮಾಲ್ ಇದೆ. ಕಂಪನಿಯನ್ನು ಉಳಿಸಿದ್ದು ನೀರಿನ ಮೇಲೂ ಇಳಿಯಬಲ್ಲ ಎಸ್-38 ವಿಮಾನ. 1928ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು. 1929ರಲ್ಲಿ ದೊಡ್ಡ ಕಂಪನಿಯೊಂದು ಅವನ ಕಂಪನಿಯನ್ನು ಕೊಂಡುಕೊಂಡು, ಕಾರ್ಖಾನೆ ಕನೆಕ್ಟಿಕಟ್ಟಿನ ಸ್ಟ್ರಾಟ್‌ಫೋರ್ಡಿಗೆ ಹೋಯಿತು. ಹತ್ತು ವರ್ಷ ಚೆನ್ನಾಗಿ ನಡೆದು, 1938ರಲ್ಲಿ ನೌಕಾಪಡೆಯ ದೊಡ್ಡ ಆರ್ಡರ್ ಬೇರೆಯವರ ಪಾಲಾದಾಗ, ಮಾಲೀಕರು ವಿಮಾನ ವಿಭಾಗವನ್ನೇ ಮುಚ್ಚಲು ಹೊರಟರು. ಆಗ ಅವನು ಕೇಳಿಕೊಂಡದ್ದು ಒಂದೇ: ತನ್ನ ಹಳೆಯ ಹೆಲಿಕಾಪ್ಟರಿಗೆ ಒಂದು ಅವಕಾಶ.

1939ರ ಸೆಪ್ಟೆಂಬರ್ 14ರಂದು ಹಗ್ಗ ಕಟ್ಟಿದ ಪುಟ್ಟ ಯಂತ್ರವೊಂದು ಸ್ಟ್ರಾಟ್‌ಫೋರ್ಡಿನಲ್ಲಿ ನೆಲ ಬಿಟ್ಟಿತು. ತಲೆ ಮೇಲೆ ಟೋಪಿ ಇಟ್ಟುಕೊಂಡು ಐವತ್ತರ ಸಿಕೋರ್ಸ್ಕಿಯೇ ಅದರಲ್ಲಿ ಕೂತಿದ್ದ. ಎಂಜಿನಿಯರುಗಳಿಗೆ ಒಂದು ಮಾತು: ಮೇಲೆ ಒಂದೇ ದೊಡ್ಡ ರೋಟರ್, ಅದು ಒಂದು ಕಡೆ ತಿರುಗಿದಾಗ ದೇಹ ಇನ್ನೊಂದು ಕಡೆ ತಿರುಗದ ಹಾಗೆ ಬಾಲದಲ್ಲಿ ಒಂದು ಚಿಕ್ಕ ರೋಟರ್. ನಮ್ಮ ಎಚ್‌ಎಎಲ್‌ನ ಧ್ರುವ್‌ವರೆಗೂ ಅದೇ ಲೆಕ್ಕಾಚಾರ.

ಆದರೆ ಲೆಕ್ಕಾಚಾರ ಸರಿ ಇದ್ದ ಮಾತ್ರಕ್ಕೆ ಸೈನ್ಯ ಕೊಳ್ಳುತ್ತದೆಯೇ? ಹೆಲಿಕಾಪ್ಟರಿಗೆ ಅಮೆರಿಕ ಸರ್ಕಾರ ದುಡ್ಡು ತೆಗೆದಿಟ್ಟಿದ್ದು 1938ರ ಡಾರ್ಸಿ ಕಾಯ್ದೆಯಲ್ಲಿ. ಡಾರ್ಸಿ ಫಿಲಡೆಲ್ಫಿಯಾದ ಸಂಸದ. ಆಟೋಜೈರೋ ಎಂಬ ಅರೆ-ಹೆಲಿಕಾಪ್ಟರ್ ಮಾಡುವ ಕಂಪನಿಗಳು ಇದ್ದದ್ದೂ ಅವನ ಪೆನ್ಸಿಲ್ವೇನಿಯಾದಲ್ಲೇ. ಮೊದಲ ಗುತ್ತಿಗೆಯೂ ಪೆನ್ಸಿಲ್ವೇನಿಯಾದ ಪ್ಲಾಟ್-ಲಪಾಜ್ ಕಂಪನಿಗೇ ಹೋಯಿತು. ಮಿಕ್ಕಿದ ಸ್ವಲ್ಪ ಹಣದಲ್ಲಿ ಸಿಕೋರ್ಸ್ಕಿಗೆ ಒಂದು ಪ್ರಯೋಗ ಸಿಕ್ಕಿತು. ಊಟ ಮುಗಿದ ಮೇಲೆ ಪಾತ್ರೆ ಕೆರೆದು ಬಡಿಸಿದ ಹಾಗೆ. ಅದರಿಂದ ಹುಟ್ಟಿದ್ದೇ ಆರ್-4. 1942ರ ಮೇ ತಿಂಗಳಲ್ಲಿ ಅದು ಸ್ಟ್ರಾಟ್‌ಫೋರ್ಡಿನಿಂದ ಓಹಾಯೋವರೆಗೆ 761 ಮೈಲಿ ಹಾರಿತು. ಅಷ್ಟರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಿತ್ತು. ಜರ್ಮನಿಯ ಜಲಾಂತರ್ಗಾಮಿಗಳು ಹಡಗು ಮುಳುಗಿಸುತ್ತಿದ್ದ ಕಾಲ, ಬ್ರಿಟನ್ನಿಗೆ ಹಡಗಿನ ಮೇಲಿಂದ ಏಳುವ ಯಂತ್ರ ಬೇಕಿತ್ತು. ಬ್ರಿಟಿಷರೂ ಅಮೆರಿಕನ್ನರೂ ಸೇರಿ ಲಾಂಗ್ ಐಲೆಂಡ್ ಸೌಂಡಿನಲ್ಲಿ ಹಡಗಿನ ಮೇಲೆ ಇಳಿಸಿ ನೋಡಿದರು. ಬ್ರಿಟಿಷ್ ಪೈಲಟ್‌ಗಳು ತರಬೇತಿ ಪಡೆದದ್ದು ಬ್ರೂಕ್ಲಿನ್ನಿನ ಫ್ಲಾಯ್ಡ್ ಬೆನೆಟ್ ಫೀಲ್ಡಿನಲ್ಲಿ. ಒಂದು ಮೈತ್ರಿ ಮುರಿದದ್ದರಿಂದ ನೆಲೆ ಕಳೆದುಕೊಂಡವನಿಗೆ ಇನ್ನೊಂದು ಮೈತ್ರಿ ಗಿರಾಕಿಗಳನ್ನು ತಂದುಕೊಟ್ಟಿತು.

ಈ ಕಡೆ ಇರುವವರೆಲ್ಲ ತಿಳಿದಿರಬೇಕಾದ ಒಂದು ದಿನ 1944ರ ಜನವರಿ 3. ನ್ಯೂಯಾರ್ಕ್ ಬಂದರಿನ ಬಾಯಲ್ಲಿ ಲಂಗರು ಹಾಕಿದ್ದ ಯುಎಸ್‌ಎಸ್ ಟರ್ನರ್ ಯುದ್ಧನೌಕೆ ಬೆಳಗಿನ ಜಾವ ಸ್ಫೋಟಗೊಂಡು ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಗಾಯಾಳುಗಳು ನ್ಯೂಜರ್ಸಿಯ ಸ್ಯಾಂಡಿ ಹುಕ್ ಆಸ್ಪತ್ರೆಯಲ್ಲಿ. ರಕ್ತದ ಪ್ಲಾಸ್ಮಾ ಬೇಕು. ಹಿಮದ ಬಿರುಗಾಳಿಗೆ ಬೇರೆ ವಿಮಾನಗಳು ಏಳುವ ಹಾಗಿರಲಿಲ್ಲ. ಕೋಸ್ಟ್ ಗಾರ್ಡಿನ ಫ್ರಾಂಕ್ ಎರಿಕ್ಸನ್ ಎಂಬ ಅಧಿಕಾರಿ ಸಿಕೋರ್ಸ್ಕಿಯ ಆರ್-4 ಅನ್ನು ಬ್ರೂಕ್ಲಿನ್ನಿನಿಂದ ಎಬ್ಬಿಸಿ, ಮ್ಯಾನ್‌ಹ್ಯಾಟನ್ನಿನ ಬ್ಯಾಟರಿ ಪಾರ್ಕಿನಲ್ಲಿ ಇಳಿಸಿ, ಪ್ಲಾಸ್ಮಾದ ಎರಡು ಪೆಟ್ಟಿಗೆ ಕಟ್ಟಿಕೊಂಡು 14 ನಿಮಿಷದಲ್ಲಿ ಸ್ಯಾಂಡಿ ಹುಕ್ ತಲುಪಿದ. ಬೇಸಿಗೆಯಲ್ಲಿ ನಾವು ಈಜಲು ಹೋಗುವ ಅದೇ ಸ್ಯಾಂಡಿ ಹುಕ್. ಅದೇ ಏಪ್ರಿಲ್‌ನಲ್ಲಿ ಅಸ್ಸಾಮಿನ ಲಾಲಾಘಾಟ್‌ನಿಂದ ಹೊರಟ ಇನ್ನೊಂದು ಆರ್-4 ಬರ್ಮಾದ ಕಾಡಿನಲ್ಲಿ ಸಿಕ್ಕಿಬಿದ್ದಿದ್ದ ನಾಲ್ವರನ್ನು ಒಬ್ಬೊಬ್ಬರನ್ನಾಗಿ ಹೊತ್ತು ತಂದಿತು. ಅದಕ್ಕಿಂತ ಹೆಚ್ಚು ಭಾರ ಎತ್ತುವ ಶಕ್ತಿ ಅದಕ್ಕೆ ಇರಲಿಲ್ಲ. ಅವನ ಹೆಲಿಕಾಪ್ಟರಿನ ಯುದ್ಧ-ಚರಿತ್ರೆ ಹೀಗೆ ಜೀವ ಉಳಿಸುವುದರಿಂದಲೇ ಶುರುವಾಯಿತು, ಸಿಕೋರ್ಸ್ಕಿಗೆ ಕೊನೆವರೆಗೂ ಹೆಮ್ಮೆ ಇದ್ದದ್ದು ಇದರ ಬಗ್ಗೆಯೇ.

ಯುದ್ಧ ಮುಗಿದ ಮೇಲೆ ಹೆಲಿಕಾಪ್ಟರ್ ಲೋಕ ಎರಡು ಬಣವಾಯಿತು. ಬ್ರಿಟನ್ನಿನ ವೆಸ್ಟ್‌ಲ್ಯಾಂಡ್ ಕಂಪನಿ 1947ರಿಂದ ಸಿಕೋರ್ಸ್ಕಿಯ ಲೈಸೆನ್ಸ್ ಪಡೆದು ತನ್ನಲ್ಲೇ ತಯಾರಿಸತೊಡಗಿತು. ಡಾಲರೂ ಉಳಿಯಿತು, ಸ್ವದೇಶಿ ಅನ್ನೋ ಹೆಸರೂ ಉಳಿಯಿತು. ಆ ಕಡೆ ಕೊರಿಯಾ ಯುದ್ಧದ ಹೊತ್ತಿಗೆ ಸ್ಟಾಲಿನ್ ಅವಸರ ಮಾಡಿ ಎಂಐ-4 ಮಾಡಿಸಿದ. ಇನ್ನೊಂದು ತಮಾಷೆ ಕೇಳಿ: 1959ರಲ್ಲಿ ಅಮೆರಿಕಕ್ಕೆ ಬಂದ ಕ್ರುಶ್ಚೇವ್ ಅಧ್ಯಕ್ಷ ಐಸೆನ್‌ಹೋವರ್ ಜೊತೆ ಸಿಕೋರ್ಸ್ಕಿ ಹೆಲಿಕಾಪ್ಟರಿನಲ್ಲಿ ಕೂತು ಎಷ್ಟು ಮೆಚ್ಚಿದ ಅಂದರೆ, ಆಮೇಲೆ ಸೋವಿಯತ್ ಸರ್ಕಾರ ಎಸ್-58 ಎರಡನ್ನು ಕೊಂಡುಕೊಂಡಿತು. ಯಾರಿಂದ ತಪ್ಪಿಸಿಕೊಂಡು ಓಡಿಬಂದಿದ್ದನೋ ಅವರೇ ಗಿರಾಕಿ!

ಇಲ್ಲಿ ನಮ್ಮ ದೇಶದ ಲೆಕ್ಕ ನೋಡಿ. 1954ರಲ್ಲಿ ಭಾರತೀಯ ವಾಯುಪಡೆಗೆ ಬಂದ ಮೊದಲ ಹೆಲಿಕಾಪ್ಟರ್ ಸಿಕೋರ್ಸ್ಕಿಯ ಎಸ್-55. ಆದರೆ ಲಡಾಖಿನಲ್ಲಿ ಚೀನಾ ಗಡಿ ಬಿಸಿಯಾದಾಗ, 1960ರ ಹೊತ್ತಿಗೆ, ನಾವು ಕೊಂಡಿದ್ದು ರಷ್ಯಾದ ಎಂಐ-4. ಸೋವಿಯತ್ ದೇಶ ತನ್ನ ಕಮ್ಯುನಿಸ್ಟ್ ಸೋದರನ ವಿರುದ್ಧ ಬಳಕೆಯಾಗಬಹುದಾದ ಯಂತ್ರವನ್ನು ಭಾರತಕ್ಕೆ ಮಾರಿತು ಅನ್ನೋದೇ ಆ ಕಾಲದ ದೊಡ್ಡ ಸುದ್ದಿ. 1962ರಲ್ಲಿ ಫ್ರಾನ್ಸಿನ ಅಲುವೆಟ್ ಹೆಲಿಕಾಪ್ಟರಿಗೆ ಲೈಸೆನ್ಸ್ ಪಡೆದೆವು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಅದು ಚೇತಕ್ ಆಯಿತು. ಮಾರತಹಳ್ಳಿ ಕಡೆ ಬೆಳೆದವರಿಗೆಲ್ಲ ಆ ಸದ್ದು ಗೊತ್ತು. ಅಂದರೆ ಹತ್ತು ವರ್ಷದಲ್ಲಿ ಮೂರು ದೇಶ. ಯಾರ ಕೈಗೂ ಪೂರ್ತಿ ಸಿಗಬಾರದು ಅನ್ನೋ ಅಲಿಪ್ತ ನೀತಿ ನಮ್ಮ ಹ್ಯಾಂಗರಿನಲ್ಲೂ ಕಾಣುತ್ತಿತ್ತು. ಸ್ಟೋರ್ ಇಟ್ಟುಕೊಳ್ಳುವವನ ಕಷ್ಟ ಮಾತ್ರ ಯಾರಿಗೂ ಬೇಡ.

ಸಿಕೋರ್ಸ್ಕಿ 1957ರಲ್ಲೇ ನಿವೃತ್ತನಾಗಿದ್ದ. 1971ರ ಡಿಸೆಂಬರಿನಲ್ಲಿ ನಮ್ಮ ಸೈನಿಕರನ್ನು ಎಂಐ-4ಗಳು ಮೇಘನಾ ನದಿ ದಾಟಿಸಿದಾಗ ಅವನಿಗೆ 82 ವರ್ಷ. ಅವನ ಹೊಸ ದೇಶ ಆ ಯುದ್ಧದಲ್ಲಿ ಪಾಕಿಸ್ತಾನದ ಕಡೆ ನಿಂತಿತ್ತು. ಆದರೂ ಅದೇ ವರ್ಷ ಕೊಚ್ಚಿಯಲ್ಲಿ ಭಾರತೀಯ ನೌಕಾಪಡೆಗೆ ಸೀ ಕಿಂಗ್ ಹೆಲಿಕಾಪ್ಟರುಗಳು ಬಂದಿದ್ದವು. ಅವು ಸಿಕೋರ್ಸ್ಕಿ ವಿನ್ಯಾಸ, ವೆಸ್ಟ್‌ಲ್ಯಾಂಡ್ ತಯಾರಿಕೆ, ಬಂದದ್ದು ಬ್ರಿಟನ್ ಬಾಗಿಲಿನಿಂದ. 1972ರ ಅಕ್ಟೋಬರ್ 26ರಂದು ಕನೆಕ್ಟಿಕಟ್ಟಿನ ಈಸ್ಟನ್‌ನಲ್ಲಿ ಸಿಕೋರ್ಸ್ಕಿ ತೀರಿಕೊಂಡ.

ಅವನು ಹೋದ ಮೇಲೂ ಅವನ ಹೆಸರಿನ ಸುತ್ತ ರಾಜಕೀಯ ನಿಲ್ಲಲಿಲ್ಲ. ನಷ್ಟದಲ್ಲಿದ್ದ ವೆಸ್ಟ್‌ಲ್ಯಾಂಡನ್ನು ಸಿಕೋರ್ಸ್ಕಿಗೆ ಸೇರಿಸಬೇಕೋ ಯುರೋಪಿನವರಿಗೋ ಎಂಬ ಜಗಳದಲ್ಲಿ 1986ರ ಜನವರಿಯಲ್ಲಿ ಥ್ಯಾಚರ್ ಸಂಪುಟದ ಇಬ್ಬರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಅದೇ ಕಂಪನಿಯ ವೆಸ್ಟ್‌ಲ್ಯಾಂಡ್-30 ಹೆಲಿಕಾಪ್ಟರುಗಳನ್ನು, 21 ಸಂಖ್ಯೆಯಲ್ಲಿ, ಬ್ರಿಟಿಷ್ ನೆರವಿನ ಹಣದಲ್ಲೇ ಭಾರತಕ್ಕೆ ಮಾರಿದರು. ಅಪಘಾತಗಳಾಗಿ ಕೊನೆಗೆ ಅವು ಮೂಲೆ ಸೇರಿದವು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹಾಕಿದಾಗ ಬ್ರಿಟನ್ ಬಾಗಿಲಿನಿಂದ ಬಂದಿದ್ದ ಸೀ ಕಿಂಗ್‌ಗಳಿಗೂ ಬಿಸಿ ತಟ್ಟಿತು. ಅವುಗಳ ಒಳಗೆ ಅಮೆರಿಕದ ಭಾಗಗಳಿದ್ದವು, ಸ್ಪೇರ್ ಪಾರ್ಟ್ಸ್ ಬರಲಿಲ್ಲ, ಹಾರಬೇಕಾದವು ನೆಲದಲ್ಲಿ ಕೂತವು. ಹೆಲಿಕಾಪ್ಟರ್ ಕೊಂಡವರು ಮುಂದಿನ ಮೂವತ್ತು ವರ್ಷದ ನಟ್ಟು-ಬೋಲ್ಟನ್ನೂ ಆ ದೇಶದಿಂದಲೇ ಕೇಳಬೇಕಾಗುತ್ತೆ ಅನ್ನೋದನ್ನು ನಮಗೆ ಯಾವ ಸೆಮಿಸ್ಟರಿನಲ್ಲೂ ಪಾಠ ಮಾಡಿರಲಿಲ್ಲ.

ಇಪ್ಪತ್ತು ವರ್ಷದಲ್ಲಿ ಗಾಳಿ ತಿರುಗಿತು. ಚೀನಾ ಇಬ್ಬರಿಗೂ ಚಿಂತೆಯಾಯಿತು. 2018ರಲ್ಲಿ ರಹಸ್ಯ ಸಂಪರ್ಕ ಉಪಕರಣ ಕೊಡಲು ಅನುವು ಮಾಡುವ ಒಪ್ಪಂದಕ್ಕೆ ಎರಡೂ ದೇಶ ಸಹಿ ಹಾಕಿದವು. 2020ರ ಫೆಬ್ರವರಿಯಲ್ಲಿ ಟ್ರಂಪ್ ಅಹಮದಾಬಾದಿನ ಸ್ಟೇಡಿಯಂನಲ್ಲೇ ಹೆಲಿಕಾಪ್ಟರ್ ವ್ಯಾಪಾರವನ್ನು ಘೋಷಿಸಿದರು. ನೌಕಾಪಡೆಗೆ 24 ಎಂಎಚ್-60ಆರ್, ಸಿಕೋರ್ಸ್ಕಿಯದೇ. ಖರೀದಿ ಒಪ್ಪಂದ ಆದದ್ದು ಕಂಪನಿಯ ಜೊತೆ ಅಲ್ಲ, ಅಮೆರಿಕ ಸರ್ಕಾರದ ಜೊತೆ. 2024ರ ಮಾರ್ಚಿನಲ್ಲಿ ಕೊಚ್ಚಿಯಲ್ಲೇ ಅವುಗಳ ಮೊದಲ ಸ್ಕ್ವಾಡ್ರನ್ ಸೇರ್ಪಡೆಯಾಯಿತು. ಇತ್ತ ತುಮಕೂರಿನ ಗುಬ್ಬಿ ತಾಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಅಲ್ಲಿಗೆ ಕೆಲಸಕ್ಕೆ ವಾಪಸ್ ಹೋಗೋಣವಾ ಅನ್ನೋ ಚರ್ಚೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಆಗುತ್ತೆ. ಲೋನಿನ ಇಎಂಐ ನೆನಪಾದಾಗ ನಿಲ್ಲುತ್ತೆ.

ಮೊನ್ನೆ ಒಂದು ಶನಿವಾರ ಗ್ರ್ಯಾಂಡ್ ಸೆಂಟ್ರಲ್‌ನಿಂದ ರೈಲು ಹತ್ತಿ ಸ್ಟ್ರಾಟ್‌ಫೋರ್ಡಿಗೆ ಹೋಗಿದ್ದೆವು. ಸ್ಟೇಷನ್ನಿನ ಹಳೇ ಕಟ್ಟಡದಲ್ಲೇ ಪುಟ್ಟ ಹೆಲಿಕಾಪ್ಟರ್ ಮ್ಯೂಸಿಯಂ ಇದೆ, ನಾವು ಹೋದಾಗ ಬಾಗಿಲು ಹಾಕಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆ ತಿಂದೆವು. ವಾಪಸ್ ಬರುವಾಗ ನಮ್ಮಲ್ಲೊಬ್ಬನಿಗೆ ಇಂಟರ್‌ವ್ಯೂ ಮೇಲ್ ಬಂತು. ಲಿಫ್ಟ್ ತಯಾರಿಸುವ ಕಂಪನಿ. ಅದೂ ನೆಟ್ಟಗೆ ಮೇಲೇರುವ ಯಂತ್ರವೇ ಅಂತ ಉಳಿದಿಬ್ಬರು ರೇಗಿಸಿದೆವು. ಅರ್ಜಿಯಲ್ಲಿ ಪೌರತ್ವ ಕೇಳಿಲ್ಲ ಅಂತ ಅವನು ಮೂರು ಸಲ ಓದಿ ಖಾತ್ರಿ ಮಾಡಿಕೊಂಡ.