ಗಣಿತಸಾರದ ಮಹಾವೀರಾಚಾರ್ಯರು

ಪರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಶಾಲೆಯಿಂದ ಮಿಶ್ರಣದ ಲೆಕ್ಕಗಳನ್ನು ತಂದಾಗ, ಅವೆಲ್ಲ ಪಶ್ಚಿಮದ ವಿದ್ಯೆಯೆಂದೇ ತಿಳಿಯುತ್ತಾರೆ. ಅಂಥ ಲೆಕ್ಕಗಳನ್ನು ಹನ್ನೊಂದು ಶತಮಾನಗಳಿಗೂ ಹಿಂದೆ ಬಿಡಿಸಿ ತೋರಿಸಿದವರು ಮಹಾವೀರಾಚಾರ್ಯರು.

ಈ ಜೈನ ವಿದ್ವಾಂಸರು ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವುದರಿಂದ ಅವರ ಕಾಲ ತಿಳಿದುಬರುತ್ತದೆ. ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಆಳ್ವಿಕೆಯಲ್ಲಿ. ಗಣಿತವು ಸಾಮಾನ್ಯವಾಗಿ ಜ್ಯೋತಿಷ ಗ್ರಂಥಗಳ ಒಂದು ಅಧ್ಯಾಯವಾಗಿದ್ದ ಕಾಲದಲ್ಲಿ, ಆಚಾರ್ಯರು ಗಣಿತಕ್ಕೇ ಒಂದು ಇಡೀ ಗ್ರಂಥವನ್ನು ಮೀಸಲಿಟ್ಟರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದೂ ಸ್ಪಷ್ಟಪಡಿಸಿದರು.

ಅವರ ಮಿಶ್ರಕ ವ್ಯವಹಾರದ ಒಂದು ಲೆಕ್ಕ ನೋಡಿ. 9 ಮಾದಲ ಹಣ್ಣು, 7 ಬೇಲದ ಹಣ್ಣುಗಳ ಒಟ್ಟು ಬೆಲೆ 107. 7 ಮಾದಲ, 9 ಬೇಲಕ್ಕೆ 101. ಒಂದೊಂದರ ಬೆಲೆಯೆಷ್ಟು? ಆಚಾರ್ಯರ ಕ್ರಮ ಹೀಗಿದೆ: ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿದರೆ 963, ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿದರೆ 707. ವ್ಯತ್ಯಾಸ 256. ಅದನ್ನು 9 ಮತ್ತು 7ರ ವರ್ಗಗಳ ವ್ಯತ್ಯಾಸವಾದ 32ರಿಂದ ಭಾಗಿಸಿದರೆ ಮಾದಲದ ಬೆಲೆ 8. ಆಗ ಬೇಲದ ಬೆಲೆ 5.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಜಗತ್ತಿಗೆ ಆಚಾರ್ಯರ ಪರಿಚಯವಾಯಿತು. ನಮ್ಮ ಮನೆಯ ಮಕ್ಕಳಿಗೇ ಆ ಹೆಸರು ತಿಳಿಯದೆ ಹೋದರೆ ನಷ್ಟ ನಮ್ಮದೇ. ಇಂದು ರಾತ್ರಿ ಊಟವಾದ ಮೇಲೆ ಈ ಹಣ್ಣಿನ ಲೆಕ್ಕವನ್ನು ಅವರ ಮುಂದಿಡೋಣ.